ವಾಯುಪ್ರವಾಹಗಣಿತ: ಅದರ ಸ್ವರೂಪವೂ ಪ್ರಾಮಾಣ್ಯವೂ

೧

ವಾಯುವು ಪ್ರತ್ಯಕ್ಷವೋ ಅನುಮೇಯವೋ ಎಂಬುದು ನ್ಯಾಯವೈಶೇಷಿಕರಲ್ಲಿ ಬಹುಕಾಲ ಚರ್ಚೆಗೆ ಬಂದ ವಿಷಯ. ರೂಪವಿಲ್ಲದ ದ್ರವ್ಯವು ಕಣ್ಣಿಗೆ ಗೋಚರವಾಗದು. ಆದಕಾರಣ ಸ್ಪರ್ಶವೆಂಬ ಗುಣವನ್ನು ಹೇತುವಾಗಿಟ್ಟುಕೊಂಡು ಅದಕ್ಕೆ ಆಶ್ರಯವಾದ ವಾಯುವನ್ನು ಅನುಮಾನದಿಂದಲೇ ತಿಳಿಯಬೇಕೆಂದು ಪ್ರಾಚೀನರು ಹೇಳಿದರು. ತ್ವಗಿಂದ್ರಿಯಕ್ಕೆ ವಾಯುವು ನೇರಾಗಿಯೇ ಗೋಚರಿಸುವುದೆಂದು ನವೀನರು ವಾದಿಸಿದರು. ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದಿದ ಬಾಲಕನಿಗೂ ಪರಿಚಿತವಾದ ಈ ಪ್ರಶ್ನೆಯು ಈಗ ಬೇರೊಂದು ವೇಷದಲ್ಲಿ ಮತ್ತೆ ಎದ್ದಿದೆ. ಬೆಂಗಳೂರಿನ ವಿಜ್ಞಾನಶಾಲೆಗಳಲ್ಲಿ ವಿಮಾನದ ರೆಕ್ಕೆಯ ಸುತ್ತ ಹರಿಯುವ ಗಾಳಿಯನ್ನು ಗಣಕಯಂತ್ರದಿಂದ ಲೆಕ್ಕಹಾಕಿ, ಅದರ ಒತ್ತಡವೇಗಗಳನ್ನು ಕೆಂಪು ಹಳದಿ ನೀಲಿ ಬಣ್ಣಗಳಲ್ಲಿ ಚಿತ್ರಿಸಿ ತೋರಿಸುವರು. ಆ ಚಿತ್ರದಲ್ಲಿ ಕಾಣುವುದು ಗಾಳಿಯೇ, ಗಾಳಿಯ ವಿಷಯವಾದ ಒಂದು ಅನುಮಾನವೇ, ಅಥವಾ ಬರಿಯ ಕಲ್ಪನೆಯೇ? ಅದನ್ನು ನಂಬಿ ಮನುಷ್ಯನೊಬ್ಬನನ್ನು ಆಕಾಶಕ್ಕೆ ಕಳುಹಿಸಬಹುದೇ?

ಈ ವಿದ್ಯೆಗೆ ಇಂಗ್ಲಿಷಿನಲ್ಲಿ ಕಂಪ್ಯುಟೇಷನಲ್ ಫ್ಲೂಯಿಡ್ ಡೈನಮಿಕ್ಸ್ ಎಂದು ಹೆಸರು. ಇದರ ಸ್ವರೂಪವೇನು, ಇದರ ಪ್ರಾಮಾಣ್ಯವು ಎಷ್ಟರಮಟ್ಟಿನದು, ಕನ್ನಡದಲ್ಲಿ ಇದನ್ನು ಏನೆಂದು ಕರೆಯುವುದು ಯುಕ್ತ ಎಂಬ ಮೂರು ಅಂಶಗಳನ್ನು ಇಲ್ಲಿ ಕ್ರಮವಾಗಿ ವಿವೇಚಿಸಲಾಗಿದೆ. ದೃಷ್ಟಾಂತಗಳನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಿಂದ ಆರಿಸಿಕೊಂಡಿದೆ. ಏತಕ್ಕೆಂದರೆ, ವಿಮಾನದ ರೆಕ್ಕೆಯನ್ನು ಹತ್ತಿರದಿಂದ ಕಂಡವರು ಕೆಲವರು. ಕೆರೆಯ ತೂಬನ್ನೂ ತೋಟದ ಸಾಲನ್ನೂ ಕಾಣದವರು ಈ ನಾಡಿನಲ್ಲಿ ವಿರಳ.

೨

ಮೊದಲು ಸ್ವರೂಪವಿಚಾರ. ಒಂದು ಕೆರೆಗೆ ಹಳ್ಳದಿಂದ ನೀರು ಬರುತ್ತದೆ. ತೂಬಿನಿಂದಲೂ ಕೋಡಿಯಿಂದಲೂ ಹೊರಗೆ ಹೋಗುತ್ತದೆ. ಬಂದುದರಲ್ಲಿ ಹೋದುದನ್ನು ಕಳೆದರೆ ಉಳಿದುದು ಕೆರೆಯಲ್ಲಿ ನಿಲ್ಲಬೇಕು. ಇದಕ್ಕಿಂತ ಗಹನವಾದ ತತ್ತ್ವವೊಂದೂ ಈ ಶಾಸ್ತ್ರದ ಬುಡದಲ್ಲಿಲ್ಲ. ಕೆರೆಯ ಬದಲು ಆಕಾಶದಲ್ಲಿ ಅಂಗುಲಪ್ರಮಾಣದ ಒಂದು ಡಬ್ಬಿಯನ್ನು ಕಲ್ಪಿಸಿಕೊಳ್ಳಬೇಕು. ಅದರೊಳಕ್ಕೆ ಬರುವ ಗಾಳಿಯ ರಾಶಿ, ಆ ಗಾಳಿಯು ಹೊತ್ತು ತರುವ ವೇಗಬಲ, ಅದರ ಶಕ್ತಿ ಎಂಬ ಮೂರಕ್ಕೂ ಜಮಾಖರ್ಚು ಬರೆಯಬೇಕು. ಈ ಲೆಕ್ಕವನ್ನು ಸಮೀಕರಣರೂಪದಲ್ಲಿ ಮೊದಲು ನಿರೂಪಿಸಿದವನು ಆಯ್ಲರ್. ಅವನ ಪ್ರಬಂಧವು ಅಚ್ಚಾದುದು ೧೭೫೭ರಲ್ಲಿ. ಪದರಕ್ಕೂ ಪದರಕ್ಕೂ ನಡುವಣ ತಿಕ್ಕಾಟವನ್ನು ಫ್ರಾನ್ಸಿನ ನೇವಿಯೇ ೧೮೨೨ರಲ್ಲಿಯೂ ಇಂಗ್ಲೆಂಡಿನ ಸ್ಟೋಕ್ಸ್ ೧೮೪೫ರಲ್ಲಿಯೂ ಸೇರಿಸಿದರು. ಅಂದಿನಿಂದ ಅವಕ್ಕೆ ನೇವಿಯೇ-ಸ್ಟೋಕ್ಸ್ ಸಮೀಕರಣಗಳೆಂದು ಹೆಸರಾಯಿತು.

ಸಮೀಕರಣವು ದೊರೆತ ಮಾತ್ರಕ್ಕೆ ಉತ್ತರವು ದೊರೆತಂತಲ್ಲ. ಮೂರು ಆಯಾಮಗಳಲ್ಲಿ ಈ ಸಮೀಕರಣಗಳಿಗೆ ಸರ್ವದಾ ನುಣುಪಾದ ಪರಿಹಾರವು ಉಂಟೆಂಬುದನ್ನಾಗಲಿ ಇಲ್ಲವೆಂಬುದನ್ನಾಗಲಿ ಯಾರೂ ಸಾಧಿಸಿಲ್ಲ. ಸಾಧಿಸಿದವರಿಗೆ ಹತ್ತು ಲಕ್ಷ ಡಾಲರುಗಳ ಬಹುಮಾನವನ್ನು ಅಮೆರಿಕೆಯ ಕ್ಲೇ ಗಣಿತಸಂಸ್ಥೆಯು ೨೦೦೦ದಲ್ಲಿ ಘೋಷಿಸಿತು. ಹೀಗಿರಲು ರೆಕ್ಕೆಯ ಮೇಲಣ ಗಾಳಿಯನ್ನು ಸೂತ್ರವೊಂದರಿಂದ ನೇರಾಗಿ ಹೇಳುವ ಹಾದಿಯಿಲ್ಲ. ಉಳಿದ ಹಾದಿಯೆಂದರೆ ಆಕಾಶವನ್ನು ಚೌಕಚೌಕವಾಗಿಯೂ ಕಾಲವನ್ನು ಕ್ಷಣಕ್ಷಣವಾಗಿಯೂ ಕತ್ತರಿಸಿ, ಪ್ರತಿಯೊಂದು ಚೌಕದ ಜಮಾಖರ್ಚನ್ನು ಪ್ರತಿಯೊಂದು ಕ್ಷಣಕ್ಕೂ ಬರೆಯುತ್ತ ಹೋಗುವುದು. ಅವಿಚ್ಛಿನ್ನವಾದುದನ್ನು ವಿಚ್ಛಿನ್ನವಾದ ಸಂಖ್ಯೆಗಳಿಂದ ಹಿಡಿಯುವ ಈ ಉಪಾಯವೇ ಪ್ರವಾಹಗಣನೆಯ ಜೀವ.

ಇಂತಹ ಉಪಾಯವು ಜ್ಯೋತಿಷಸಿದ್ಧಾಂತಗಳನ್ನು ಓದಿದವರಿಗೆ ಹೊಸದಲ್ಲ. ಕ್ರಿ. ಶ. ೪೯೯ರ ಕಾಲದ ಆರ್ಯಭಟೀಯದಲ್ಲಿ ವೃತ್ತಪಾದವನ್ನು ೨೪ ಪಾಲುಮಾಡಿ, ಒಂದೊಂದು ಪಾಲಿಗೂ ೨೨೫ ಕಲೆಗಳಂತೆ ಹಿಡಿದು, ಅರ್ಧಜ್ಯೆಗಳ ಅಂತರಗಳನ್ನು ಮಾತ್ರ ಕೊಟ್ಟಿದೆ. ಆ ಅಂತರಗಳು ೨೨೫, ೨೨೪, ೨೨೨ ಎಂದು ಮೊದಲಾಗಿ ಇಳಿಯುತ್ತ ಬಂದು ೭ರಲ್ಲಿ ಮುಗಿಯುತ್ತವೆ. ಎಲ್ಲವನ್ನೂ ಕೂಡಿದರೆ ೩೪೩೮ ಎಂಬ ತ್ರಿಜ್ಯೆಯು ಬರುತ್ತದೆ. ಬ್ರಹ್ಮಗುಪ್ತನು ೬೬೫ರ ಖಂಡಖಾದ್ಯಕದಲ್ಲಿ ಅಂತರದ ಅಂತರವನ್ನೂ ಬಳಸಿ ನಡುವಣ ಬೆಲೆಯನ್ನು ತರುವ ರೀತಿಯನ್ನು ಹೇಳಿದನು. ಬಾಗಿದ ರೇಖೆಯನ್ನು ಸಣ್ಣ ಹೆಜ್ಜೆಗಳಾಗಿ ಮುರಿದು ಹಿಂದಿನ ಹೆಜ್ಜೆಯಿಂದ ಮುಂದಿನದನ್ನು ಎಣಿಸುವ ಕ್ರಮವು ಎರಡೆಡೆಯಲ್ಲಿಯೂ ಒಂದೇ. ಆದರೆ ಇಷ್ಟರಿಂದ ಆರ್ಯಭಟನಿಗೆ ವಿಮಾನಗಣಿತವು ತಿಳಿದಿದ್ದಿತೆಂದು ಹೇಳಹೊರಡುವುದು ಹಾಸ್ಯಾಸ್ಪದವಾದೀತು. ಜ್ಯೆಯ ಬೆಲೆಯು ನಿಶ್ಚಲ. ಗಾಳಿಯ ವೇಗವು ನೆರೆಯ ಚೌಕದ ವೇಗವನ್ನು ಬದಲಿಸುತ್ತದೆ, ಅದರಿಂದ ತಾನೂ ಬದಲಾಗುತ್ತದೆ. ಈ ಪರಸ್ಪರಾಶ್ರಯವೇ ಇಲ್ಲಿನ ಕಷ್ಟವೆಲ್ಲಕ್ಕೂ ಮೂಲ.

೩

ಆ ಕಷ್ಟದ ಅಳತೆಯನ್ನು ಒಂದು ತೆಂಗಿನ ಮರದಿಂದಲೇ ತಿಳಿಯಬಹುದು. ಕಾಂಡದ ಅಡ್ಡಳತೆ ೩೦ ಸೆಂಟಿಮೀಟರ್, ಗಾಳಿಯ ವೇಗ ಸೆಕೆಂಡಿಗೆ ೫ ಮೀಟರ್ ಎಂದಿಟ್ಟುಕೊಂಡರೆ, ವೇಗವನ್ನು ಅಳತೆಯಿಂದ ಗುಣಿಸಿ ಗಾಳಿಯ ಸ್ನಿಗ್ಧತೆಯ ಮಾನದಿಂದ ಭಾಗಿಸಿದಾಗ ಸುಮಾರು ಒಂದು ಲಕ್ಷವೆಂಬ ಸಂಖ್ಯೆಯು ಬರುತ್ತದೆ. ಇದಕ್ಕೆ ರೆನಾಲ್ಡ್ಸ್ ಸಂಖ್ಯೆಯೆಂದು ಹೆಸರು. ಗಾಜಿನ ಕೊಳವೆಯಲ್ಲಿ ಬಣ್ಣದ ನೀರನ್ನು ಹರಿಸಿ, ನುಣ್ಣನೆಯ ಪ್ರವಾಹವು ಯಾವಾಗ ಕದಡುವುದೆಂಬುದನ್ನು ೧೮೮೩ರಲ್ಲಿ ತೋರಿಸಿದ ಮ್ಯಾಂಚೆಸ್ಟರಿನ ಪ್ರಾಧ್ಯಾಪಕ ರೆನಾಲ್ಡ್ಸನ ಹೆಸರು ಅದಕ್ಕೆ ಬಂದಿದೆ. ಸಂಖ್ಯೆಯು ಲಕ್ಷವಾದಾಗ ಕಾಂಡದ ಹಿಂಬದಿಯಲ್ಲಿ ಗಾಳಿಯು ಎಡಕ್ಕೊಂದು ಬಲಕ್ಕೊಂದರಂತೆ ಸುಳಿಗಳನ್ನು ಬಿಡುತ್ತ ಹೋಗುತ್ತದೆ. ಮೇಲಿನ ಅಳತೆಗಳಿಗೆ ಸೆಕೆಂಡಿಗೆ ಸುಮಾರು ಮೂರು ಜೊತೆ ಸುಳಿಗಳು. ದೊಡ್ಡ ಸುಳಿಯು ಒಡೆದು ಸಣ್ಣದಾಗುತ್ತದೆ, ಸಣ್ಣದು ಇನ್ನೂ ಸಣ್ಣದಾಗುತ್ತದೆ. ಕಡೆಗೆ ತಿಕ್ಕಾಟದಲ್ಲಿ ಸವೆದು ಬಿಸಿಯಾಗಿ ಲಯಹೊಂದುತ್ತದೆ. ಅತ್ಯಂತ ಸಣ್ಣ ಸುಳಿಯನ್ನೂ ಬಿಡದೆ ಹಿಡಿಯಬೇಕಾದರೆ ಎಷ್ಟು ಚೌಕಗಳು ಬೇಕೆಂಬುದಕ್ಕೆ ಒಂದು ಸ್ಥೂಲನಿಯಮವುಂಟು: ರೆನಾಲ್ಡ್ಸ್ ಸಂಖ್ಯೆಯ ಎರಡೂಕಾಲನೆಯ ಘಾತ. ಲಕ್ಷಕ್ಕೆ ಅದು ಸುಮಾರು ೧೮,೦೦೦ ಕೋಟಿ. ಇದು ಒಂದು ಮರಕ್ಕೆ, ತೋಟಕ್ಕಲ್ಲ, ವಿಮಾನಕ್ಕಲ್ಲ.

ಆದುದರಿಂದ ಗಣಕನು ಸಣ್ಣ ಸುಳಿಗಳನ್ನು ಒಂದೊಂದಾಗಿ ಎಣಿಸುವುದನ್ನು ಬಿಟ್ಟು, ಅವೆಲ್ಲದರ ಒಟ್ಟು ಪರಿಣಾಮವನ್ನು ಅನುಭವಸಿದ್ಧವಾದ ಒಂದು ಸೂತ್ರದಿಂದ ತುಂಬುತ್ತಾನೆ. ಇದಕ್ಕೆ ಕ್ಷೋಭೆಯ ಪ್ರತಿರೂಪವೆಂದು ಹೇಳಬಹುದು. ಇದು ಮೂಲಸಮೀಕರಣದಿಂದ ಶುದ್ಧವಾಗಿ ಹುಟ್ಟಿದುದಲ್ಲ. ಪ್ರಯೋಗವನ್ನು ನೋಡಿ ಹೊಂದಿಸಿಕೊಂಡುದು. ಬಣ್ಣದ ಚಿತ್ರವನ್ನು ನೋಡುವವನು ಮರೆಯುವ ಮೊದಲನೆಯ ಸಂಗತಿ ಇದು.

ಎರಡನೆಯ ಕಷ್ಟ ಕಾಲದ್ದು. ಕೂರಾಂಟ್, ಫ್ರೀಡ್ರಿಕ್ಸ್, ಲೇವಿ ಎಂಬ ಮೂವರು ಗಣಿತಜ್ಞರು ೧೯೨೮ರಲ್ಲಿ ಒಂದು ನಿಯಮವನ್ನು ಕಂಡುಹಿಡಿದರು. ಗಾಳಿಯಲ್ಲಿ ವಾರ್ತೆಯು ಶಬ್ದದ ವೇಗದಿಂದ, ಎಂದರೆ ಸೆಕೆಂಡಿಗೆ ಸುಮಾರು ೩೪೦ ಮೀಟರಿನಂತೆ ಹಬ್ಬುತ್ತದೆ. ಒಂದು ಹೆಜ್ಜೆಯ ಕಾಲದಲ್ಲಿ ಆ ವಾರ್ತೆಯು ಒಂದು ಚೌಕವನ್ನು ದಾಟಿಹೋದರೆ, ನೆರೆಯ ಚೌಕವನ್ನು ಮಾತ್ರ ಕೇಳಿ ಮುಂದುವರಿಯುವ ಲೆಕ್ಕಕ್ಕೆ ಅದು ತಿಳಿಯುವುದೇ ಇಲ್ಲ. ತಿಳಿಯದ ಲೆಕ್ಕವು ಕೆಲವೇ ಹೆಜ್ಜೆಗಳಲ್ಲಿ ಹುಚ್ಚೆದ್ದು ಅನಂತಕ್ಕೆ ಓಡುತ್ತದೆ. ಚೌಕದ ಬದಿಯು ಒಂದು ಸೆಂಟಿಮೀಟರ್ ಆದರೆ ಕಾಲದ ಹೆಜ್ಜೆಯು ಒಂದು ಸೆಕೆಂಡಿನ ಮೂವತ್ತುನಾಲ್ಕು ಸಾವಿರದಲ್ಲೊಂದು ಪಾಲನ್ನು ಮೀರಕೂಡದು. ಇಂತಹ ಸರಳಕ್ರಮದಲ್ಲಿ ಚೌಕವನ್ನು ಸಣ್ಣದುಮಾಡಿದಷ್ಟೂ ಹೆಜ್ಜೆಯನ್ನೂ ಸಣ್ಣದುಮಾಡಬೇಕು. ಶ್ರಮವು ಎರಡು ಕಡೆಯಿಂದಲೂ ಬೆಳೆಯುತ್ತದೆ.

ಗಣಕಯಂತ್ರವಿಲ್ಲದ ಕಾಲದಲ್ಲಿ ಈ ಶ್ರಮವನ್ನು ಕೈಯಿಂದಲೇ ಮಾಡಿನೋಡಿದವನು ಇಂಗ್ಲೆಂಡಿನ ಲೂಯಿಸ್ ರಿಚರ್ಡ್‌ಸನ್. ೧೯೧೦ನೆಯ ಮೇ ೨೦ರ ಹವೆಯ ಅಳತೆಗಳನ್ನು ತೆಗೆದುಕೊಂಡು, ಆರು ಘಂಟೆಗಳಲ್ಲಿ ವಾಯುಭಾರವು ಎಷ್ಟು ಬದಲಾಗಬೇಕೆಂದು ಅವನು ಎಣಿಸಿದನು. ಎಣಿಕೆಯ ಫಲ ೧೪೫ ಮಿಲಿಬಾರ್. ವಾಸ್ತವವಾಗಿ ಆ ದಿನ ವಾಯುಭಾರವು ಹೆಚ್ಚುಕಡಿಮೆ ಇದ್ದಂತೆಯೇ ಇದ್ದಿತು. ಅವನು ಈ ಸೋಲನ್ನು ಮುಚ್ಚಿಡದೆ ೧೯೨೨ರ ಗ್ರಂಥದಲ್ಲಿ ಅಚ್ಚುಹಾಕಿಸಿದನು. ಅಷ್ಟೇ ಅಲ್ಲ, ೬೪,೦೦೦ ಮಂದಿ ಗಣಕರು ಒಂದು ಮಹಾಮಂದಿರದಲ್ಲಿ ಕುಳಿತು ಲೋಕದ ಹವೆಯನ್ನು ಎಣಿಸುವ ಕನಸನ್ನೂ ಬರೆದನು. ಅವನ ಸೋಲಿಗೆ ಮುಖ್ಯ ಕಾರಣವು ಸಮೀಕರಣದ ದೋಷವಲ್ಲ, ಮೊದಲಲ್ಲಿ ತೆಗೆದುಕೊಂಡ ಅಳತೆಗಳಲ್ಲಿದ್ದ ಅಸಮತೋಲವೆಂಬುದು ತರುವಾಯ ಸ್ಪಷ್ಟವಾಯಿತು. ಸೋಲನ್ನು ಅಚ್ಚುಹಾಕಿಸದಿದ್ದರೆ ಕಾರಣವನ್ನು ಹುಡುಕುವವರಿರುತ್ತಿರಲಿಲ್ಲ.

೪

ಇನ್ನು ಕರ್ನಾಟಕದಲ್ಲಿ ಈ ವಿದ್ಯೆಯು ಬೆಳೆದ ಬಗೆ. ೧೯೦೯ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೪೨ರ ಡಿಸೆಂಬರಿನಲ್ಲಿ ವಿಮಾನವಿದ್ಯಾವಿಭಾಗವು ಆರಂಭವಾಯಿತು. ಅದಕ್ಕೆ ಎರಡು ವರ್ಷ ಮುಂಚೆ ಅದೇ ನಗರದಲ್ಲಿ ಹಿಂದುಸ್ತಾನ್ ವಿಮಾನ ಕಾರ್ಖಾನೆಯು ಹುಟ್ಟಿದ್ದಿತು. ೧೯೫೧ರಲ್ಲಿ ಬಂದು ಸೇರಿದ ಸತೀಶ್ ಧವನರು ಶಬ್ದಾತಿವೇಗದ ಗಾಳಿಸುರಂಗಗಳನ್ನು ಕಟ್ಟಿಸಿದರು. ೧೪ ಅಡಿ ಅಗಲ ೯ ಅಡಿ ಎತ್ತರದ ದೊಡ್ಡ ತೆರೆದ ಸುರಂಗವು ೧೯೫೯ರಲ್ಲಿ ಕೆಲಸಕ್ಕೆ ತೊಡಗಿತು. ಗಾಳಿಸುರಂಗವೆಂದರೆ ವಿಮಾನದ ಚಿಕ್ಕ ಪ್ರತಿಮೆಯನ್ನು ನಿಲ್ಲಿಸಿ ಗಾಳಿಯನ್ನು ಅದರ ಮೇಲೆ ಹಾಯಿಸಿ ಅಳೆಯುವ ಮಂದಿರ. ಅಲ್ಲಿ ಪ್ರತ್ಯಕ್ಷವೇ ಪ್ರಧಾನ.

ಧವನರ ಶಿಷ್ಯರಾದ ರೊದ್ದಂ ನರಸಿಂಹರು (೧೯೩೩–೨೦೨೦) ನುಣ್ಣನೆಯ ಪ್ರವಾಹವು ಕದಡಿದ ಪ್ರವಾಹವಾಗಿ ಮಾರ್ಪಡುವ ಎಡೆಯನ್ನು ಪರಿಶೀಲಿಸಿದರು. ಆ ಎಡೆಯಲ್ಲಿ ಕ್ಷೋಭೆಯು ಒಮ್ಮೆಗೇ ಹರಡದೆ, ಅಲ್ಲಲ್ಲಿ ಮಚ್ಚೆಗಳಂತೆ ಹುಟ್ಟಿ ಬೆಳೆದು ಒಂದನ್ನೊಂದು ಕೂಡಿಕೊಳ್ಳುತ್ತದೆ. ಯಾವ ಸ್ಥಳದಲ್ಲಿ ಕಾಲದ ಎಷ್ಟು ಪಾಲು ಕ್ಷೋಭೆಯಿರುವುದೆಂಬುದಕ್ಕೆ ಅವರು ೧೯೫೭ರಲ್ಲಿ ಒಂದು ನಿಯಮವನ್ನು ಪ್ರಕಟಿಸಿದರು. ಮರುವರ್ಷ ಧವನರೊಡನೆ ಅದನ್ನು ವಿಸ್ತರಿಸಿದರು. ಪ್ರಯೋಗಮಂದಿರದಲ್ಲಿ ದೊರೆತ ಈ ನಿಯಮವು ಗಣನೆಗೂ ಉಪಕರಣವಾಯಿತು. ನರಸಿಂಹರು ನಿರ್ದೇಶಕರಾಗಿದ್ದ ಕಾಲದಲ್ಲಿಯೇ, ೧೯೮೬ರಲ್ಲಿ, ಬೆಂಗಳೂರಿನ ರಾಷ್ಟ್ರೀಯ ವಿಮಾನವಿಜ್ಞಾನ ಪ್ರಯೋಗಾಲಯದಲ್ಲಿ ಫ್ಲೋಸಾಲ್ವರ್ ಎಂಬ ಗಣಕಯಂತ್ರವು ಸಿದ್ಧವಾಯಿತು. ಒಂದು ಲೆಕ್ಕವನ್ನು ಹಲವು ಪಾಲುಮಾಡಿ ಏಕಕಾಲದಲ್ಲಿ ಮಾಡಿಸುವ ಯಂತ್ರಗಳಲ್ಲಿ ಭಾರತದಲ್ಲಿ ಇದು ಮೊದಲನೆಯದು. ರಿಚರ್ಡ್‌ಸನ್ ಕನಸಿನಲ್ಲಿ ಕಂಡ ಗಣಕಮಂದಿರದ ತತ್ತ್ವವೇ ಇದು. ಮನುಷ್ಯರ ಸ್ಥಾನದಲ್ಲಿ ಯಂತ್ರಗಳು ಬಂದುವು.

ಸಂಸ್ಥೆಯ ಪ್ರಾಧ್ಯಾಪಕರಾದ ಎಸ್. ಎಂ. ದೇಶಪಾಂಡೆಯವರು ಗಣನೆಯ ರೀತಿಯಲ್ಲಿಯೇ ಒಂದು ಹೊಸ ಹಾದಿಯನ್ನು ತೆಗೆದರು. ಗಾಳಿಯೆಂಬುದು ಅಸಂಖ್ಯಾತ ಅಣುಗಳ ಓಡಾಟ. ಆ ಓಡಾಟದ ಸರಾಸರಿಯೇ ವೇಗ, ಒತ್ತಡ, ಉಷ್ಣತೆ. ಒಂದು ಬಿಂದುವಿನಲ್ಲಿ ಬಲಕ್ಕೆ ಓಡುವ ಅಣುಗಳು ಎಡದ ವಾರ್ತೆಯನ್ನು ತರುತ್ತವೆ, ಎಡಕ್ಕೆ ಓಡುವುವು ಬಲದ ವಾರ್ತೆಯನ್ನು ತರುತ್ತವೆ. ಆದಕಾರಣ ಎರಡು ಗುಂಪುಗಳನ್ನೂ ಬೇರ್ಪಡಿಸಿ, ಒಂದೊಂದಕ್ಕೂ ಅದು ಬಂದ ದಿಕ್ಕಿನಿಂದಲೇ ಲೆಕ್ಕವನ್ನು ತೆಗೆದುಕೊಳ್ಳಬೇಕು. ೧೯೮೬ರಲ್ಲಿ ಪ್ರಕಟವಾದ ಈ ಕ್ರಮಕ್ಕೆ ಕೈನೆಟಿಕ್ ಫ್ಲಕ್ಸ್ ವೆಕ್ಟರ್ ಸ್ಪ್ಲಿಟಿಂಗ್ ಎಂದು ಹೆಸರು. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ಕನ್ನಡದ ಗಾದೆ. ಗಾಳಿ ಬಂದ ದಿಕ್ಕನ್ನು ತಿಳಿದೇ ತೂರಬೇಕೆಂಬುದು ಕಣದ ರೈತನ ಅನುಭವ. ದಿಕ್ಕು ತಪ್ಪಿದರೆ ಹೊಟ್ಟು ಕಾಳಿನ ಮೇಲೆಯೇ ಬೀಳುವಂತೆ, ದಿಕ್ಕನ್ನು ಕಡೆಗಣಿಸಿದ ಲೆಕ್ಕದಲ್ಲಿಯೂ ಇಲ್ಲದ ಅಲೆಗಳು ತುಂಬಿಕೊಳ್ಳುತ್ತವೆ.

ದೇಶಪಾಂಡೆಯವರು ಎ. ಕೆ. ಘೋಷರೊಡನೆ ೧೯೯೫ರಲ್ಲಿ ಪ್ರಕಟಿಸಿದ ಇನ್ನೊಂದು ಕ್ರಮವು ಚೌಕಗಳ ಬಲೆಯನ್ನೇ ಬಿಟ್ಟಿತು. ತೆಂಗಿನ ತೋಟವನ್ನು ಮೂವತ್ತು ಅಡಿಗೊಂದರಂತೆ ಸಾಲುಹಿಡಿದು ನೆಡುವುದು ಬಯಲಿನಲ್ಲಿ ಸುಲಭ. ನಡುವೆ ಬಂಡೆಯೋ ಹಳ್ಳವೋ ಬಂದರೆ ಸಾಲು ಕೆಡುತ್ತದೆ. ವಿಮಾನದ ಮೈಯೂ ಅಂತಹುದೇ. ರೆಕ್ಕೆಯ ಸಂದಿನಲ್ಲಿ, ಬಾಲದ ಮೂಲೆಯಲ್ಲಿ ಚೌಕಗಳು ಹೊಂದುವುದಿಲ್ಲ. ಹೊಸ ಕ್ರಮದಲ್ಲಿ ಬಿಂದುಗಳನ್ನು ಬೇಕಾದಲ್ಲಿ ಚೆಲ್ಲಿ, ಪ್ರತಿಯೊಂದು ಬಿಂದುವಿಗೂ ಸುತ್ತಲಿನ ಕೆಲವು ಬಿಂದುಗಳನ್ನು ನೆರೆಹೊರೆಯಾಗಿ ಆರಿಸಿಕೊಂಡು, ದೋಷಗಳ ವರ್ಗಗಳ ಮೊತ್ತವು ಅತ್ಯಲ್ಪವಾಗುವಂತೆ ಏರಿಳಿತವನ್ನು ನಿರ್ಣಯಿಸುವರು. ಸಾಲಿಲ್ಲದಿದ್ದರೂ ನೆರೆ ತಿಳಿದಿದ್ದರೆ ಸಾಕು ಎಂಬುದು ಇದರ ಸಾರ.

೫

ಈಗ ಪ್ರಾಮಾಣ್ಯವಿಚಾರ. ಗಣಕಯಂತ್ರದ ಚಿತ್ರವು ಕಣ್ಣಿಗೆ ಕಾಣುವುದಾದರೂ ಗಾಳಿಯ ಪ್ರತ್ಯಕ್ಷವಲ್ಲ. ಕಣ್ಣಿಗೆ ಗೋಚರವಾದುದು ಚಿತ್ರ, ಗಾಳಿಯಲ್ಲ. ಅದು ಅನುಮಾನವೇ, ಸಮೀಕರಣವು ಅದಕ್ಕೆ ವ್ಯಾಪ್ತಿಯ ಸ್ಥಾನದಲ್ಲಿದೆ. ಅನುಮಾನವಾದುದರಿಂದ ಅದು ಕೀಳೆಂದಲ್ಲ. ಹೊಗೆಯಿಂದ ಬೆಂಕಿಯನ್ನು ತಿಳಿಯದೆ ಲೋಕವ್ಯವಹಾರವು ನಡೆಯದು. ಆದರೆ ಅನುಮಾನಕ್ಕೆ ಹೇತ್ವಾಭಾಸಗಳುಂಟು. ಅವುಗಳಲ್ಲಿ ಪ್ರಕೃತಕ್ಕೆ ಮುಖ್ಯವಾದುದು ಬಾಧಿತ. ಬೆಂಕಿಯು ದ್ರವ್ಯವಾದುದರಿಂದ ತಣ್ಣಗಿರಬೇಕೆಂದು ಒಬ್ಬನು ಸಾಧಿಸಹೊರಟರೆ, ಮುಟ್ಟಿದ ಕೈಯೇ ಅದನ್ನು ಬಾಧಿಸುವುದು. ಗಣನೆಯ ಫಲವನ್ನು ಸುರಂಗದ ಅಳತೆಯು ಅಲ್ಲಗಳೆದರೆ, ಅಳತೆಯ ದೋಷವನ್ನು ಮೊದಲು ಶೋಧಿಸಿ, ದೋಷವಿಲ್ಲವೆಂದು ಕಂಡಮೇಲೆ ಗಣನೆಯನ್ನೇ ತಿದ್ದಬೇಕು.

ಈ ವಿದ್ಯೆಯವರು ಎರಡು ಪರೀಕ್ಷೆಗಳನ್ನು ಎಚ್ಚರಿಕೆಯಿಂದ ಬೇರ್ಪಡಿಸುವರು. ಸಮೀಕರಣವನ್ನು ಸರಿಯಾಗಿ ಬಿಡಿಸಿದೆಯೇ ಎಂಬುದು ಒಂದು. ಬಿಡಿಸಿದ ಸಮೀಕರಣವು ಸರಿಯಾದುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಚೌಕಗಳನ್ನು ಮತ್ತಷ್ಟು ಸಣ್ಣದುಮಾಡಿ ಉತ್ತರವು ನಿಲ್ಲುವುದೇ ಎಂದು ನೋಡುವರು. ಎರಡನೆಯದಕ್ಕೆ ಪ್ರಯೋಗದೊಡನೆ ಹೋಲಿಸುವರು. ಮೊದಲನೆಯದನ್ನು ಗಣಿತಶುದ್ಧಿಯೆಂದೂ ಎರಡನೆಯದನ್ನು ದೃಕ್ಸಂವಾದವೆಂದೂ ಕರೆಯಬಹುದು. ದೃಕ್ಸಂವಾದವೆಂಬುದು ಸಿದ್ಧಾಂತಿಗಳಿಗೆ ಚಿರಪರಿಚಿತವಾದ ಧರ್ಮ. ಕೇರಳದ ಪರಮೇಶ್ವರನು ದೀರ್ಘಕಾಲ ಗ್ರಹಣಗಳನ್ನು ಕಣ್ಣಾರೆ ನೋಡಿ, ಹಳೆಯ ಗಣಿತವು ಆಕಾಶಕ್ಕೆ ಹೊಂದದಿರುವುದನ್ನು ಕಂಡು, ೧೪೩೧ರಲ್ಲಿ ದೃಗ್ಗಣಿತವೆಂಬ ಗ್ರಂಥವನ್ನು ರಚಿಸಿದನು. ಪೂರ್ವಾಚಾರ್ಯರ ಮೇಲಣ ಗೌರವವು ಅವನನ್ನು ತಡೆಯಲಿಲ್ಲ. ಭಾರತೀಯ ಜ್ಯೋತಿಷದ ಈ ಮನೋಧರ್ಮವನ್ನು ರೊದ್ದಂ ನರಸಿಂಹರು ೨೦೦೩ರ ಲೇಖನವೊಂದರಲ್ಲಿ ಗಣನಪ್ರಧಾನವಾದ ದೃಷ್ಟಿಯೆಂದು ವಿವರಿಸಿ, ಗ್ರೀಕರ ಸ್ವಯಂಸಿದ್ಧತತ್ತ್ವಪ್ರಧಾನವಾದ ದೃಷ್ಟಿಯೊಡನೆ ಹೋಲಿಸಿದರು. ಗಾಳಿಯನ್ನು ಎಣಿಸುವುದರಲ್ಲಿ ಜೀವಮಾನವನ್ನು ಕಳೆದ ವಿದ್ವಾಂಸರು ಸಿದ್ಧಾಂತಗ್ರಂಥಗಳ ಕಡೆಗೆ ತಿರುಗಿದುದು ಆಕಸ್ಮಿಕವೆಂದು ತೋರುವುದಿಲ್ಲ.

ಇದು ಬರಿಯ ವಾದಕ್ಕಾಗಿ ಎತ್ತಿದ ಪ್ರಶ್ನೆಯಲ್ಲ. ೨೦೦೧ನೆಯ ಜನವರಿ ೪ರಂದು ಬೆಂಗಳೂರಿನಲ್ಲಿ, ಮುಂದೆ ತೇಜಸ್ ಎಂದು ಹೆಸರಾದ ಯುದ್ಧವಿಮಾನವು ಮೊದಲ ಸಲ ಮೇಲೆದ್ದಿತು. ಅದರೊಳಗೆ ಒಬ್ಬ ಮನುಷ್ಯನು ಕುಳಿತಿದ್ದನು. ಸುರಂಗದ ಅಳತೆಗಳೂ ಗಣನೆಗಳೂ ಒಂದನ್ನೊಂದು ಪರೀಕ್ಷಿಸಿದ ಮೇಲೆಯೇ ಅಂತಹ ಹಾರಾಟಕ್ಕೆ ಅನುಮತಿ ದೊರೆಯುವುದು. ಚಿತ್ರವು ಅಂದವಾಗಿದೆಯೆಂಬ ಕಾರಣದಿಂದ ಯಾರೂ ಅನುಮತಿಯನ್ನು ಕೊಡರು.

೬

ಕಡೆಯದಾಗಿ ನಾಮವಿಚಾರ. ಫ್ಲೂಯಿಡ್ ಎಂಬುದಕ್ಕೆ ದ್ರವವೆಂದು ಕನ್ನಡದಲ್ಲಿ ಬರೆಯುವ ರೂಢಿಯುಂಟು. ಶಾಸ್ತ್ರದೃಷ್ಟಿಯಿಂದ ಇದು ಸಲ್ಲದು. ವೈಶೇಷಿಕರ ಮತದಲ್ಲಿ ದ್ರವತ್ವವು ನೀರಿಗೆ ಸಹಜ. ತುಪ್ಪ ಅರಗು ಮೊದಲಾದ ಪಾರ್ಥಿವಗಳಿಗೂ ಚಿನ್ನಕ್ಕೂ ಬೆಂಕಿಯ ಸಂಬಂಧದಿಂದ ಬರುವುದು. ವಾಯುವಿಗೆ ಇಲ್ಲವೇ ಇಲ್ಲ. ಆಧುನಿಕರ ವ್ಯವಹಾರದಲ್ಲಿಯೂ ದ್ರವವೆಂದರೆ ನೀರಿನಂತಹುದು, ಅನಿಲವೆಂದರೆ ಗಾಳಿಯಂತಹುದು ಎಂದೇ ವಿದ್ಯಾರ್ಥಿಗಳು ಕಲಿಯುವರು. ಎರಡನ್ನೂ ಒಳಗೊಳ್ಳುವ ಶಬ್ದಕ್ಕೆ ಎರಡರಲ್ಲೊಂದರ ಹೆಸರನ್ನಿಟ್ಟರೆ, ದ್ರವಶಾಸ್ತ್ರದಲ್ಲಿ ಗಾಳಿಯ ಮಾತೇಕೆ ಬಂದಿತೆಂದು ಬುದ್ಧಿವಂತನಾದ ಬಾಲಕನು ಕೇಳಿಯೇ ಕೇಳುವನು. ಸ್ನಿಗ್ಧತೆಯೆಂಬ ಶಬ್ದಕ್ಕೂ ಇದೇ ಆಕ್ಷೇಪವನ್ನು ಹೇಳಬಹುದಾದರೂ, ಪಠ್ಯಪುಸ್ತಕಗಳಲ್ಲಿ ಅದು ನೆಲೆನಿಂತು ಹೊಸ ಅರ್ಥವನ್ನು ಪಡೆದುಕೊಂಡಿದೆ. ರೂಢಿಯು ಯೋಗಾರ್ಥವನ್ನು ಮೀರುವುದುಂಟು. ಎರಡಕ್ಕೂ ಸಮಾನವಾದ ಧರ್ಮ ಹರಿಯುವಿಕೆ. ಆದುದರಿಂದ ಪ್ರವಾಹಿಯೆಂಬುದು ಫ್ಲೂಯಿಡ್ ಎಂಬುದಕ್ಕೂ, ಪ್ರವಾಹಗಣಿತವೆಂಬುದು ಈ ವಿದ್ಯೆಗೂ ಯುಕ್ತವಾದ ಹೆಸರುಗಳೆಂದು ತೋರುತ್ತದೆ.

ಹೆಸರಿನ ವಿಷಯದಲ್ಲಿ ಇಷ್ಟು ಹಟವೇಕೆಂದು ಕೇಳಬಹುದು. ತೆಂಗಿನ ಸೀಮೆಯ ಇಬ್ಬರ ಕೆಲಸವೇ ಇದಕ್ಕೆ ಉತ್ತರ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಕವಿತೆಯನ್ನು ಕನ್ನಡದ ಉಸಿರಿನಲ್ಲಿ ನುಡಿಸಬಹುದೆಂದು ತೋರಿಸಿದರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ. ನಂ. ಶ್ರೀಕಂಠಯ್ಯನವರು ಭಾರತೀಯ ಕಾವ್ಯಮೀಮಾಂಸೆಯಲ್ಲಿ ಸಂಸ್ಕೃತದ ಪರಿಭಾಷೆಯನ್ನು ಕನ್ನಡದಲ್ಲಿ ತಿಳಿಯಾಗಿ ನಿಲ್ಲಿಸಿದರು. ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರೊಡನೆ ೧೯೧೮ರಲ್ಲಿ ವಿಜ್ಞಾನವೆಂಬ ಮಾಸಪತ್ರಿಕೆಯನ್ನು ತೊಡಗಿದರು. ಪಂಪಭಾರತದ ಸಂಪಾದನೆಯಲ್ಲಿಯೂ ಅವರ ಕೈಯಿದ್ದಿತು. ಕಾವ್ಯವನ್ನು ಬಲ್ಲವರಿಗೆ ವಿಜ್ಞಾನವು ಹೊರಗಿನದೆಂಬ ಭಾವನೆಯು ಅಂದಿನವರಲ್ಲಿ ಇರಲಿಲ್ಲ.

ತಿಪಟೂರಿನ ರೈತನು ಬಲಿತ ಕಾಯನ್ನು ಸಿಪ್ಪೆಯೊಡನೆ ಅಟ್ಟದ ಮೇಲೆ ಹತ್ತಾರು ತಿಂಗಳು ಇರಿಸುವನು. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದಾಗ ಸದ್ದುಮಾಡಿದ ಮೇಲೆಯೇ ಒಡೆದು ಉಂಡೆಕೊಬ್ಬರಿಯನ್ನು ತೆಗೆಯುವನು. ಅಟ್ಟದ ಸಂದುಗಳಲ್ಲಿ ಆಡುವ ಗಾಳಿಯೂ, ತೇವವನ್ನು ಹೊತ್ತೊಯ್ಯುವ ಅದರ ನಡೆಯೂ, ರೆಕ್ಕೆಯ ಮೇಲಣ ಗಾಳಿಯು ಪಾಲಿಸುವ ಸಮೀಕರಣಗಳನ್ನೇ ಪಾಲಿಸುತ್ತವೆ. ಹೀಗಿರಲು ಆ ಶಾಸ್ತ್ರವು ಅವನ ಮಕ್ಕಳಿಗೆ ಅವರ ನುಡಿಯಲ್ಲಿ ತಿಳಿಯದಿರುವುದಕ್ಕೆ ವಿಷಯದ ಕಾಠಿನ್ಯವೊಂದೇ ಕಾರಣವೆಂದು ಹೇಳಲಾಗದು. ಬಣ್ಣದ ಚಿತ್ರವನ್ನು ಮುಂದಿಟ್ಟಾಗ, ಇದು ಯಾವ ಸಮೀಕರಣದ ಫಲ, ಚೌಕವು ಎಷ್ಟು ಸಣ್ಣದು, ಯಾವ ಅಳತೆಯೊಡನೆ ಹೋಲಿಸಿದೆ ಎಂಬ ಮೂರು ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಬಲ್ಲ ವಿದ್ಯಾರ್ಥಿಯು ಮೋಸಹೋಗುವುದು ಕಷ್ಟ. ಇಲ್ಲಿ ಸೂಚಿಸಿದ ಪ್ರವಾಹಿ, ಪ್ರವಾಹಗಣಿತ, ಗಣಿತಶುದ್ಧಿ, ದೃಕ್ಸಂವಾದ ಎಂಬ ಶಬ್ದಗಳ ಯುಕ್ತಾಯುಕ್ತತೆಯನ್ನು ವಿದ್ವಾಂಸರು ಪರಾಮರ್ಶಿಸತಕ್ಕದ್ದು. ಇವಕ್ಕಿಂತ ಉಚಿತವಾದುವು ದೊರೆತರೆ ಅವನ್ನೇ ಬಳಕೆಗೆ ತರತಕ್ಕದ್ದು.